ಅಪ್ಪನ ಹೆಸರಿನ ಕಾಲಂ: ನಾಲ್ಕು ದಶಕಗಳ ಸಿಂಹಾವಲೋಕನ

2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದು ಅಂಗೀಕಾರವಾದ ವಿಧೇಯಕಗಳಲ್ಲಿ ರಾಯಚೂರು ಸೀಮೆಯ ಮನೆಮನೆಗೆ ತಟ್ಟುವಂಥದ್ದು ಒಂದಿತ್ತು. ಅದು ಕರ್ನಾಟಕ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ವಿಧೇಯಕ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಇಲಾಖೆ ತಂದ ಈ ವಿಧೇಯಕ ದೇವದಾಸಿ ತಾಯಂದಿರ ಮಕ್ಕಳ ವಿಷಯದಲ್ಲಿ ಮೂರು ಮಾತು ಹೇಳಿತು. ಸರ್ಕಾರಿ ಕಾಗದಗಳಲ್ಲಿ ಅಪ್ಪನ ಹೆಸರು ಬರೆಯಲೇಬೇಕೆಂದು ಅವರನ್ನು ಯಾರೂ ಒತ್ತಾಯಿಸುವಂತಿಲ್ಲ. ಅವರು ಬಯಸಿದರೆ ತಮ್ಮ ತಂದೆ ಯಾರೆಂದು ಗುರುತಿಸಿಕೊಳ್ಳಬಹುದು. ಆತ ಒಪ್ಪದಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗಿ ಡಿಎನ್‌ಎ ಪರೀಕ್ಷೆಯವರೆಗೂ ನಡೆಯಬಹುದು. ತಂದೆಯೆಂದು ಸಾಬೀತಾದವನ ಆಸ್ತಿಯಲ್ಲಿ ಅವರಿಗೂ ಹಕ್ಕುಂಟು.

ಗುಂಜಹಳ್ಳಿಯಿಂದ ದೇವದುರ್ಗದವರೆಗೆ, ಮಾನ್ವಿಯಿಂದ ರಾಯಚೂರು ನಗರದ ಓಣಿಗಳವರೆಗೆ ಈ ಸೀಮೆಯವರಿಗೆ ಹುಡುಗಿಯನ್ನು ದೇವಿಗೆ ಬಿಟ್ಟು ಮುತ್ತು ಕಟ್ಟುವುದೆಂದರೆ ಏನೆಂದು ವಿವರಿಸಿ ಹೇಳಬೇಕಿಲ್ಲ. ಯಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ, ಎಷ್ಟೋ ಸಲ ಹುಡುಗಿ ಮೈನೆರೆಯುವ ಮೊದಲೇ ಮುತ್ತು ಕಟ್ಟಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಆಕೆಯನ್ನು ಇಟ್ಟುಕೊಂಡವರು ಯಾರು, ಆಕೆಯ ಮಕ್ಕಳು ಯಾರ ಮಕ್ಕಳು ಎಂಬುದು ಬಹಳ ಕಡೆ ಊರಿಗೆಲ್ಲ ಗೊತ್ತು. ಆದರೆ ಕಾಗದದ ಮೇಲೆ ಯಾರಿಗೂ ಗೊತ್ತಿಲ್ಲ. ಊರಿಗೆ ಗೊತ್ತಿದ್ದೂ ದಾಖಲೆಗೆ ಗೊತ್ತಿಲ್ಲದ ಆ ಹೆಸರಿಗಾಗಿ ಈ ಮಕ್ಕಳು ನಡೆಸಿದ ಹುಡುಕಾಟ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ, ಇನ್ನೆಷ್ಟು ದಾರಿ ಉಳಿದಿದೆ ಎಂದು ಹಿಂತಿರುಗಿ ನೋಡುವ ಹೊತ್ತು ಇದು. ಹಾಗೆ ನೋಡಿದಾಗ ಕಾಣುವುದು ಒಂದೇ ಸತ್ಯ: ಹಕ್ಕು ಬಂದಿರುವ ಹೊತ್ತಿಗೆ ಸಾಕ್ಷಿಗಳು ಹೋಗುತ್ತಿವೆ. ತಾಯಂದಿರಿಗೆ ವಯಸ್ಸಾಗಿದೆ. ಅಪ್ಪಂದಿರಲ್ಲಿ ಅನೇಕರು ತೀರಿಕೊಂಡಿದ್ದಾರೆ. ವಹಿಗಳಿಗೆ ಗೆದ್ದಲು ಹತ್ತುತ್ತಿದೆ.

ಕಾನೂನು ಕಣ್ಣು ಬಿಟ್ಟಿದ್ದು ತಡವಾಗಿ

ಇವತ್ತಿನ ಕರ್ನಾಟಕದ ಭಾಗಗಳು ಒಂದೊಂದು ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಈ ಪದ್ಧತಿಯ ವಿರುದ್ಧದ ಕಾನೂನೂ ಒಂದೊಂದು ಕಡೆ ಒಂದೊಂದು ಬಗೆಯಾಗಿತ್ತು. ಬೆಳಗಾವಿ, ವಿಜಯಪುರಗಳಿದ್ದ ಮುಂಬೈ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ರಕ್ಷಣಾ ಕಾನೂನು ಬಂತು. ಬಳ್ಳಾರಿಯಿದ್ದ ಮದ್ರಾಸ್ ಪ್ರಾಂತದಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ನಂತರ 1947ರಲ್ಲಿ ಬಂತು. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಈ ಎರಡರಲ್ಲಿ ಯಾವುದೂ ಇಲ್ಲಿಗೆ ಅನ್ವಯಿಸಲಿಲ್ಲ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಮೇಲೂ ಕಾಲು ಶತಮಾನ ಕಾಯಬೇಕಾಯಿತು.

ಕರ್ನಾಟಕ ದೇವದಾಸಿಯರ (ಸಮರ್ಪಣೆ ನಿಷೇಧ) ಅಧಿನಿಯಮ 1982ರದು. ಜಾರಿಗೆ ಬಂದದ್ದು 1984ರ ಜನವರಿಯಲ್ಲಿ. ಮುತ್ತು ಕಟ್ಟುವುದು ಅಪರಾಧ, ಕಟ್ಟಿದವರಿಗೆ ಶಿಕ್ಷೆ, ಹೆತ್ತವರೇ ಮುಂದೆ ನಿಂತು ಕಟ್ಟಿಸಿದರೆ ಹೆಚ್ಚಿನ ಶಿಕ್ಷೆ ಎಂದು ಅದು ಸಾರಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾಗಲು ಅಡ್ಡಿಯಿಲ್ಲ ಎಂದೂ ಹೇಳಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಮದುವೆಯಿಲ್ಲದೆ ಆಕೆಗೆ ಈಗಾಗಲೇ ಹುಟ್ಟಿದ ಮಕ್ಕಳ ಬಗ್ಗೆ, ಆ ಮಕ್ಕಳ ತಂದೆಯ ಹೊಣೆಯ ಬಗ್ಗೆ ಅದರಲ್ಲಿ ಮಾತಿರಲಿಲ್ಲ. ಅವ್ವನ ಹೆಸರು, ಅಜ್ಜಿಯ ಹೆಸರು, ಪೂಜಾರಿಯ ಹೆಸರು ಕೇಸಿನ ಕಾಗದಕ್ಕೆ ಬರಬಹುದಿತ್ತು. ಹತ್ತಾರು ವರ್ಷ ಆ ಮನೆಗೆ ಬಂದುಹೋದ ಗಂಡಸಿನ ಹೆಸರು ಎಲ್ಲಿಯೂ ಬರಬೇಕಿರಲಿಲ್ಲ.

ಸಮೀಕ್ಷೆಗಳ ಕಥೆಯೂ ಇದೇ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಲೆಕ್ಕದಲ್ಲಿ 1993–94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು, 2007–08ರ ಸಮೀಕ್ಷೆ ಮತ್ತೆ 23,787 ಮಂದಿಯನ್ನು. ಕೂಡಿದರೆ 46,660. ಮಾಸಾಶನ, ಮನೆ, ಸಾಲ, ಸಹಾಯಧನ ಎಲ್ಲವೂ ಈ ಪಟ್ಟಿಯ ಮೇಲೆ ನಿಂತವು. ಪಟ್ಟಿಯಲ್ಲಿ ಹೆಸರಿಲ್ಲದವರು ಯೋಜನೆಯಿಂದ ಹೊರಗುಳಿದರು. ಕಾನೂನು ಬಂದ ಮೇಲೆ ಗುಟ್ಟಾಗಿ ಮುತ್ತು ಕಟ್ಟಿಸಿಕೊಂಡವರು ಹೆಸರು ಬರೆಸಲು ಹೆದರಿದರು, ಏಕೆಂದರೆ ಬರೆಸಿದರೆ ಹೆತ್ತವರ ಮೇಲೆ ಕೇಸಾಗುವ ಭಯ. 2025ರಲ್ಲಿ ಮರುಸಮೀಕ್ಷೆಗೆ ಸರ್ಕಾರ ಕೈಹಾಕಿತು. ಹಿಂದಿನ ಎರಡೂ ಪಟ್ಟಿಗಳು ತಾಯಂದಿರ ಲೆಕ್ಕವಾಗಿದ್ದವು. ಮಕ್ಕಳಿಗೆ ತಮ್ಮದೇ ಆದ ಪ್ರಶ್ನೆಗಳಿವೆ ಎಂಬುದನ್ನು ಆ ಲೆಕ್ಕ ಗಮನಿಸಲಿಲ್ಲ.

ಒಂದು ಕಾಲಂನ ಭಾರ

ಹಳ್ಳಿ ಶಾಲೆಯ ಹಳೆಯ ದಾಖಲಾತಿ ವಹಿಯನ್ನು ತೆರೆದು ನೋಡಿ. ಕ್ರಮಸಂಖ್ಯೆ, ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಜಾತಿ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ. ಅಡ್ಡಗೆರೆ ಹಾಕಿದ ಉದ್ದನೆಯ ಪುಟದಲ್ಲಿ ನೀಲಿ ಶಾಯಿಯಲ್ಲಿ ಸಾಲುಸಾಲು ಹೆಸರುಗಳು. ದೇವದಾಸಿ ತಾಯಿಯ ಮಗುವಿನ ಸಾಲಿಗೆ ಬಂದಾಗ ಮೂರನೇ ಕಾಲಂನಲ್ಲಿ ಅಜ್ಜನ ಹೆಸರಿರುತ್ತದೆ, ಇಲ್ಲವೇ ಸೋದರಮಾವನದು. ಕೆಲವೊಮ್ಮೆ ಅವ್ವನ ಹೆಸರೇ ಇರುತ್ತದೆ. ಕೆಲವೊಮ್ಮೆ ಹೆಡ್‌ಮಾಸ್ತರರು ತಮಗೆ ತೋಚಿದ ದೇವರ ಹೆಸರು ಬರೆದಿರುತ್ತಾರೆ. ಜೂನ್ ತಿಂಗಳ ಗದ್ದಲದಲ್ಲಿ, ಎಲ್ಲ ಹುಡುಗರೂ ಸಾಲಾಗಿ ನಿಂತಿರುವಾಗ, "ನಿಮ್ಮಪ್ಪನ ಹೆಸರೇನಪಾ?" ಎಂಬ ಪ್ರಶ್ನೆ ಬರುತ್ತದೆ. ಆ ಹುಡುಗ ಅವ್ವನ ಮುಖ ನೋಡುತ್ತಾನೆ. ಅವ್ವ ನೆಲ ನೋಡುತ್ತಾಳೆ. ಅವತ್ತು ಬರೆದದ್ದು ಮುಂದೆ ವರ್ಗಾವಣೆ ಪತ್ರಕ್ಕೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಜಾತಿ ಪ್ರಮಾಣಪತ್ರಕ್ಕೆ, ಆಧಾರ್‌ಗೆ, ನೌಕರಿಯ ಅರ್ಜಿಗೆ ದಾಟುತ್ತ ಹೋಗುತ್ತದೆ. ಒಂದು ಕಡೆ ಅಜ್ಜನ ಹೆಸರು, ಇನ್ನೊಂದು ಕಡೆ ಮಾವನ ಹೆಸರು ಎಂದು ತಾಳೆಯಾಗದೆ ಅರ್ಜಿ ತಿರಸ್ಕೃತವಾದಾಗ ಇಪ್ಪತ್ತರ ಹರೆಯದಲ್ಲಿ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ.

ದೇಶದ ನ್ಯಾಯಾಲಯಗಳು ಈ ಕಾಲಂನ ಭಾರವನ್ನು ಮೆಲ್ಲಗೆ ಇಳಿಸುತ್ತ ಬಂದಿವೆ ಎಂಬುದು ಸಮಾಧಾನದ ಸಂಗತಿ. ತಾಯಿಯೂ ಸಹಜ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿತು. ಮದುವೆಯಾಗದ ತಾಯಿ ಮಗುವಿನ ಪೋಷಕತ್ವ ಕೇಳುವಾಗ ತಂದೆಯ ಹೆಸರು ಬಯಲು ಮಾಡಬೇಕಿಲ್ಲ, ಆಕೆಯ ಪ್ರಮಾಣಪತ್ರದ ಮೇಲೆ ಜನನ ಪತ್ರ ಕೊಡಬೇಕು ಎಂದು 2015ರಲ್ಲಿ ಹೇಳಿತು. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದಾಯಿತು. 2018ರ ಡಿಸೆಂಬರ್‌ನಿಂದ ತಾಯಿ ಒಬ್ಬಳೇ ಸಾಕಿದ ಮಕ್ಕಳ ಪಾನ್ ಕಾರ್ಡಿಗೂ ಅಪ್ಪನ ಹೆಸರು ಕಡ್ಡಾಯವಲ್ಲ ಎಂದಾಯಿತು. ಆದರೆ ದೆಹಲಿಯಲ್ಲಿ ಬದಲಾದ ನಿಯಮ ದೇವದುರ್ಗದ ನಾಡಕಚೇರಿಯ ಕಿಟಕಿಗೆ ಬಂದು ಮುಟ್ಟುವುದು ಸುಲಭವಲ್ಲ. ಕಂಪ್ಯೂಟರಿನ ಅರ್ಜಿಯಲ್ಲಿ ಆ ಕಾಲಂ ತುಂಬದೆ ಮುಂದಿನ ಪುಟ ತೆರೆಯದಿದ್ದರೆ ಗುಮಾಸ್ತನೂ ಏನು ಮಾಡಿಯಾನು? ಹೊಸ ವಿಧೇಯಕದ ಮೊದಲ ಮಾತು ನಿಜವಾಗಬೇಕಾದರೆ ಇಲಾಖೆಗಳು ಮೊದಲು ಆ ಅರ್ಜಿ ನಮೂನೆಗಳನ್ನು ತಿದ್ದಬೇಕು.

ಹೈದರಾಬಾದಿನ ಎರಡು ಕೊಡುಗೆಗಳು

ಅಪ್ಪನ ಹೆಸರು ಬೇಡ ಎನ್ನುವ ಹಕ್ಕು ಒಂದು. ಅಪ್ಪ ಯಾರೆಂದು ತಿಳಿಯಬೇಕು ಎನ್ನುವ ಹಕ್ಕು ಇನ್ನೊಂದು. ಈ ಎರಡನೆಯದಕ್ಕೆ ದಾರಿ ತೆರೆದದ್ದು ವಿಜ್ಞಾನ, ಮತ್ತು ಭಾರತದಲ್ಲಿ ಅದು ತೆರೆದದ್ದು ನಮ್ಮಿಂದ ಸುಮಾರು 200 ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿ.

1984ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ಲಾಲ್‌ಜಿ ಸಿಂಗ್ ನಮ್ಮದೇ ವಿಧಾನ ರೂಪಿಸಿದರು. ಕೇರಳದ ತಲಶ್ಶೇರಿಯಲ್ಲಿ ಮದುವೆಯಾಗದ ತಾಯಿಯೊಬ್ಬಳು ಮಗುವಿನ ಜೀವನಾಂಶಕ್ಕಾಗಿ ಹೂಡಿದ ಪ್ರಕರಣದಲ್ಲಿ ಈ ಪರೀಕ್ಷೆ ಸಾಕ್ಷಿಯಾಗಿ ಬಂತು. 1991ರಲ್ಲಿ ಕೇರಳ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾರತದ ನ್ಯಾಯಾಲಯಗಳಲ್ಲಿ ಪಿತೃತ್ವದ ಪ್ರಶ್ನೆಗೆ ಡಿಎನ್‌ಎ ಉತ್ತರ ಕೊಟ್ಟ ಮೊದಲ ಪ್ರಕರಣಗಳಲ್ಲಿ ಇದು ಸೇರುತ್ತದೆ. ಆಕೆ ದೇವದಾಸಿಯಲ್ಲ, ಆದರೆ ಆಕೆಯ ಸ್ಥಿತಿ ನಮ್ಮ ತಾಯಂದಿರ ಸ್ಥಿತಿಗೆ ಬಹಳ ಹತ್ತಿರ.

ಪರೀಕ್ಷೆಯಲ್ಲಿ ಮಂತ್ರತಂತ್ರವೇನಿಲ್ಲ. ತಾಯಿ, ಮಗು, ತಂದೆಯೆಂದು ಹೇಳಲಾದವನು ಈ ಮೂವರ ರಕ್ತದ ಹನಿಯನ್ನೋ ಕೆನ್ನೆಯ ಒಳಭಾಗದ ಹತ್ತಿಕಡ್ಡಿಯ ಮಾದರಿಯನ್ನೋ ಸಾಕ್ಷಿಗಳ ಮುಂದೆ ತೆಗೆದು, ಗುರುತಿನ ಕಾಗದಕ್ಕೆ ಫೋಟೊ ಅಂಟಿಸಿ, ಹೆಬ್ಬೆಟ್ಟಿನ ಗುರುತು ಹಾಕಿಸಿ, ಮೊಹರು ಮಾಡಿ ಕಳಿಸುತ್ತಾರೆ. ಪ್ರಯೋಗಾಲಯದಲ್ಲಿ ವಂಶವಾಹಿಯ ಹದಿನೈದಕ್ಕೂ ಹೆಚ್ಚು ಗೊತ್ತಾದ ಜಾಗಗಳನ್ನು ಹೋಲಿಸುತ್ತಾರೆ. ಪ್ರತಿಯೊಂದು ಜಾಗದಲ್ಲೂ ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರಬೇಕು. ತಾಯಿಯ ಪಾಲನ್ನು ಬದಿಗಿಟ್ಟಾಗ ಉಳಿದದ್ದು ಆ ಗಂಡಸಿನಲ್ಲಿ ಹಲವು ಜಾಗಗಳಲ್ಲಿ ಸಿಗದಿದ್ದರೆ ಆತ ತಂದೆಯಲ್ಲ. ಎಲ್ಲ ಕಡೆ ಸಿಕ್ಕರೆ ಸಂಭವನೀಯತೆ ಶೇಕಡ 99.9 ದಾಟುತ್ತದೆ. ತಾಯಿ ಹೇಳಿದ್ದು ಸುಳ್ಳು ಎನ್ನುತ್ತ ಬಂದವರ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ಗಂಡಸು ತೀರಿಹೋಗಿದ್ದರೆ? ಆಗಲೂ ದಾರಿ ಪೂರ್ತಿ ಮುಚ್ಚುವುದಿಲ್ಲ. ವೈ ವರ್ಣತಂತು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ದಾಟುತ್ತದೆ. ಹಾಗಾಗಿ ದೇವದಾಸಿ ತಾಯಿಯ ಮಗನ ವೈ ವರ್ಣತಂತುವನ್ನು ಆ ಮನೆತನದ ಗಂಡುಮಕ್ಕಳೊಂದಿಗೆ ಹೋಲಿಸಬಹುದು. ಆದರೆ ಅದು ಮನೆತನವನ್ನು ತೋರಿಸುತ್ತದೆಯೇ ಹೊರತು ಅಣ್ಣತಮ್ಮಂದಿರಲ್ಲಿ ತಂದೆ ಯಾರೆಂದು ಬಿಡಿಸಿ ಹೇಳಲಾರದು. ಮಗಳಾದರೆ ಆ ದಾರಿಯೂ ಇಲ್ಲ; ಒಬ್ಬನೇ ಅಪ್ಪನ ಬೇರೆ ತಾಯಿಯ ಮಕ್ಕಳೊಂದಿಗೆ, ಇಲ್ಲವೇ ಅಪ್ಪನ ತಂದೆ ತಾಯಿಯೊಂದಿಗೆ ಹೋಲಿಕೆ ಮಾಡಬೇಕು. ಅರ್ಜೆಂಟೀನಾದಲ್ಲಿ ಸೈನಿಕ ಆಡಳಿತ ಕದ್ದೊಯ್ದ ಮೊಮ್ಮಕ್ಕಳನ್ನು ಹುಡುಕಲು ಪ್ಲಾಸಾ ದೆ ಮಾಯೋದ ಅಜ್ಜಿಯರು ಅಮೆರಿಕದ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರ ನೆರವಿನಿಂದ ಇದೇ ದಾರಿ ಹಿಡಿದರು. ಅಜ್ಜ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸುವ ಲೆಕ್ಕ ಹುಟ್ಟಿದ್ದು ಆ ಹೋರಾಟದಿಂದ. 1987ರಲ್ಲಿ ಆ ದೇಶ ಕಾನೂನು ಮಾಡಿ ರಾಷ್ಟ್ರೀಯ ವಂಶವಾಹಿ ದತ್ತಾಂಶ ಬ್ಯಾಂಕ್ ಸ್ಥಾಪಿಸಿತು. ಈವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಪತ್ತೆಯಾಗಿದೆ. ಅಜ್ಜಿಯರು ಬದುಕಿರುವಾಗಲೇ ಅವರ ಮಾದರಿಗಳನ್ನು ಅಲ್ಲಿ ಸಂಗ್ರಹಿಸಿಟ್ಟರು. ನಮಗೆ ಪಾಠವಿರುವುದು ಅಲ್ಲೇ.

ಹೈದರಾಬಾದಿನ ಎರಡನೆಯ ಕೊಡುಗೆ ಹಳೆಯ ದಾಖಲೆ. ನಿಜಾಮರ ಕಾಲದ ಕಂದಾಯ ಕಾಗದಗಳು ಉರ್ದುವಿನಲ್ಲಿವೆ, ಇಸವಿ ಫಸಲಿ ಲೆಕ್ಕದಲ್ಲಿದೆ. ಫಸಲಿಗೆ 590 ಕೂಡಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1954–55ರ ಖಾಸ್ರಾ ಪಹಣಿಯಲ್ಲಿ ಹೊಲ ಯಾರದು, ಉಳುವವರು ಯಾರು ಎಂಬುದಿದೆ. ಆಮೇಲಿನ ಕೈಬರಹದ ಪಹಣಿಗಳು, 2000ದ ನಂತರ ಭೂಮಿ ಯೋಜನೆಯಡಿ ಕಂಪ್ಯೂಟರಿಗೆ ಏರಿದ ಪಹಣಿಗಳು, ಮ್ಯುಟೇಶನ್ ವಹಿಗಳು, ಮತದಾರರ ಹಳೆಯ ಪಟ್ಟಿಗಳು, 1969ರ ಕಾಯ್ದೆಯಡಿ ನಡೆದ ಜನನ ಮರಣ ನೋಂದಣಿ, ಶಾಲೆಯ ವಹಿಗಳು ಎಲ್ಲವೂ ಒಂದೊಂದು ಎಳೆ ಕೊಡಬಲ್ಲವು. ಗಂಡಸೊಬ್ಬ ದೇವದಾಸಿಗೆ ಮನೆಯನ್ನೋ ಒಂದಿಷ್ಟು ಹೊಲವನ್ನೋ ಬರೆದುಕೊಟ್ಟಿದ್ದರೆ ಆ ಕಾಗದವೇ ದೊಡ್ಡ ಸಾಕ್ಷಿ. ಆಕೆ ಯಾವ ವರ್ಷ ಯಾರ ಹೊಲದಲ್ಲಿ ದುಡಿಯುತ್ತಿದ್ದಳು, ಆತ ಆಗ ಯಾವ ಊರಿನ ಮತದಾರ, ಆತನ ವಾರಸುದಾರರು ಯಾರು, ಯಾವಾಗ ತೀರಿಕೊಂಡ ಎಂಬುದನ್ನು ಇವು ಹೇಳಬಲ್ಲವು. ಯಾರನ್ನು ಪರೀಕ್ಷೆಗೆ ಕರೆಯಬೇಕೆಂದು ಗೊತ್ತಾಗುವುದು ಇಲ್ಲಿಂದ. ಹೆಸರೇ ಇಲ್ಲದಿದ್ದರೆ ಡಿಎನ್‌ಎ ಯಾರೊಂದಿಗೆ ಹೋಲಿಸುವುದು? ಅಮೆರಿಕ, ಯುರೋಪಿನಲ್ಲಿ ಲಕ್ಷಾಂತರ ಜನ ತಾವೇ ಮಾದರಿ ಕೊಟ್ಟು ದತ್ತಾಂಶ ಬೆಳೆಸಿರುವುದರಿಂದ ದೂರದ ಸೋದರಸಂಬಂಧಿಯ ಮೂಲಕವೂ ಅಪ್ಪನನ್ನು ಪತ್ತೆ ಹಚ್ಚುತ್ತಾರೆ. ನಮ್ಮ ಹಳ್ಳಿಗಳ ಮಟ್ಟಿಗೆ ಅಂಥ ದತ್ತಾಂಶವಿಲ್ಲ. ಇಲ್ಲಿ ಹುಡುಕಾಟ ಶುರುವಾಗುವುದು ಅವ್ವನ ಮಾತಿನಿಂದ, ಮುಂದೆ ಸಾಗುವುದು ಕಾಗದದಿಂದ, ಮುಗಿಯುವುದು ಪ್ರಯೋಗಾಲಯದಲ್ಲಿ.

ಉತ್ತರ ಕರ್ನಾಟಕದ ಹೆಳವರ ಬಗ್ಗೆಯೂ ಇಲ್ಲಿ ಒಂದು ಮಾತು. ಎತ್ತಿನ ಮೇಲೆ ಊರೂರಿಗೆ ಬಂದು ಮನೆತನಗಳ ವಂಶಾವಳಿ ಹಾಡಿ ಹೇಳಿ, ವಹಿಯಲ್ಲಿ ಹೊಸ ಹೆಸರು ಸೇರಿಸಿಕೊಂಡು ಹೋಗುವವರು ಅವರು. ತಲೆಮಾರುಗಳ ಹೆಸರು ಅವರ ಬಾಯಲ್ಲಿದೆ. ಆದರೆ ಆ ವಂಶಾವಳಿ ಗಂಡಿನ ಮನೆ ಹಿಡಿದು ಸಾಗುತ್ತದೆ. ಮುತ್ತು ಕಟ್ಟಿಸಿಕೊಂಡವಳ ಮಗ ಅಪ್ಪನ ಮನೆಯ ಸಾಲಿನಲ್ಲಿ ಸೇರಲು ಆ ಮನೆಯವರು ಹೇಳಬೇಕು. ಅವರು ಹೇಳಲಿಲ್ಲ. ಸರ್ಕಾರದ ವಹಿ, ಸಮಾಜದ ವಹಿ ಎರಡರಲ್ಲೂ ಆ ಮಗುವಿಗೆ ಜಾಗ ಸಿಗಲಿಲ್ಲ.

ನ್ಯಾಯಾಲಯ ನಡೆದ ದಾರಿ

ಡಿಎನ್‌ಎ ಪರೀಕ್ಷೆಗೆ ಆದೇಶಿಸುವ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಅಳೆದು ತೂಗಿ ಹೆಜ್ಜೆ ಇಟ್ಟಿವೆ. ಕೇಳಿದವರಿಗೆಲ್ಲ ರಕ್ತಪರೀಕ್ಷೆಯ ಆದೇಶ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1993ರ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿತು. ಮದುವೆಯಾದ ತಾಯಿಯ ಮಗು ಆಕೆಯ ಗಂಡನದೇ ಎಂಬ ಕಾನೂನಿನ ಊಹೆ 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನಲ್ಲಿತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿದೆ. 2025ರ ಜನವರಿಯಲ್ಲಿ ಇವಾನ್ ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಊಹೆಯನ್ನು ಬಲವಾಗಿ ಎತ್ತಿಹಿಡಿದು, ತಂದೆಯೆಂದು ಹೇಳಲಾದ ವ್ಯಕ್ತಿಯ ಖಾಸಗಿತನ, ಘನತೆಯನ್ನೂ ತೂಗಬೇಕು ಎಂದಿತು. ಇನ್ನೊಂದು ಕಡೆ, ಹಿರಿಯ ರಾಜಕಾರಣಿ ಎನ್.ಡಿ. ತಿವಾರಿ ತನ್ನ ತಂದೆ ಎಂದು ರೋಹಿತ್ ಶೇಖರ್ 2008ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ಮಾದರಿ ಕೊಡಲು ಒಪ್ಪದ ತಿವಾರಿಯವರ ರಕ್ತ 2012ರಲ್ಲಿ ನ್ಯಾಯಾಲಯದ ಆದೇಶದ ಮೇಲೆ ತೆಗೆದು ಹೈದರಾಬಾದಿಗೆ ಹೋಯಿತು. ವರದಿ ಮಗನ ಪರ ಬಂತು. 2014ರಲ್ಲಿ ತಿವಾರಿ ಅದನ್ನು ಒಪ್ಪಿಕೊಂಡರು.

ದೇವದಾಸಿ ತಾಯಿಯ ಮಗುವಿನ ಪ್ರಕರಣ ಇವೆಲ್ಲಕ್ಕಿಂತ ಬೇರೆ. ಆಕೆಗೆ ಗಂಡನೇ ಇಲ್ಲ, ಹಾಗಾಗಿ 116ನೇ ಕಲಮಿನ ಊಹೆ ಇಲ್ಲಿ ಅಡ್ಡ ಬರುವುದಿಲ್ಲ. ಹಾಗೆಂದು ದಾರಿ ಸುಗಮವಾಗಿರಲಿಲ್ಲ. ಜೀವನಾಂಶದ ಹಕ್ಕು ಮದುವೆಯಾಚೆ ಹುಟ್ಟಿದ ಮಗುವಿಗೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿತ್ತು. ಆದರೆ ಯಾರ ಹೊಲದಲ್ಲಿ ಕೂಲಿ ಮಾಡಿ ಹೊಟ್ಟೆ ತುಂಬಿಸಿಕೊಳ್ಳಬೇಕೋ ಅವರ ಮೇಲೆಯೇ ಕೇಸು ಹಾಕಲು ಯಾವ ತಾಯಿಗೆ ಧೈರ್ಯ ಬಂದೀತು? ಆಸ್ತಿಯ ವಿಷಯಕ್ಕೆ ಬಂದರೆ, ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ದೊಡ್ಡ ತೀರ್ಪು ಕೊಟ್ಟಿತು. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ತಾಯಿಗೆ ಬರುವ ಭಾಗದಲ್ಲಿ ಪಾಲುಂಟು ಎಂದು ಅದು ಹೇಳಿತು. ಆದರೆ ಅದಕ್ಕೂ ಒಂದು ಮದುವೆ ನಡೆದಿರಬೇಕು, ಅಸಿಂಧುವಾದರೂ ಸರಿ. ಮುತ್ತು ಕಟ್ಟಿದ್ದನ್ನು ಯಾವ ಕಾನೂನೂ ಮದುವೆ ಎನ್ನುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಅಧ್ಯಯನ ಕೇಂದ್ರವೊಂದು 2018ರಲ್ಲಿ ಹೊಸ ಕಾನೂನಿನ ಕರಡು ಮಾಡಿಕೊಟ್ಟಿತ್ತು; ದೇವದಾಸಿ ವಿಮೋಚನಾ ಸಂಘಟನೆಗಳು ಜಿಲ್ಲೆ ಜಿಲ್ಲೆಗಳಲ್ಲಿ ಧರಣಿ ಕೂತು ಒತ್ತಾಯಿಸುತ್ತ ಬಂದವು. ಅದರ ಫಲ 2025ರಲ್ಲಿ ಕಂಡಿತು.

ಉಳಿದಿರುವ ಭಯಗಳು

ಹಕ್ಕು ಬಂತೆಂದು ಹಿಗ್ಗುವ ಮುನ್ನ ಮಕ್ಕಳ, ತಾಯಂದಿರ ಭಯಗಳನ್ನು ನೇರವಾಗಿ ಎದುರಿಸಬೇಕು.

ಮೊದಲನೆಯದು ಜಾತಿ ಪ್ರಮಾಣಪತ್ರದ ಭಯ. ದೇವದಾಸಿ ತಾಯಂದಿರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯವರು. ತಂದೆ ಮೇಲ್ಜಾತಿಯವನೆಂದು ಸಾಬೀತಾದರೆ ತಾಯಿಯ ಜಾತಿಯ ಮೇಲೆ ಪಡೆದ ಪ್ರಮಾಣಪತ್ರ, ಓದು, ನೌಕರಿ ಏನಾಗುತ್ತದೆ? ಅಂತರ್ಜಾತಿ ವಿವಾಹದ ಮಕ್ಕಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2012ರ ರಮೇಶಭಾಯಿ ನಾಯ್ಕ ಪ್ರಕರಣದಲ್ಲಿ, ಮಗು ತಂದೆಯ ಜಾತಿಗೆ ಸೇರುತ್ತದೆಂಬ ಊಹೆ ಅಂತಿಮವಲ್ಲ, ತಾಯಿಯ ಸಮುದಾಯದಲ್ಲೇ ಬೆಳೆದು ಅವರು ಉಂಡ ಅವಮಾನವನ್ನೇ ಉಂಡಿದ್ದರೆ ಅದನ್ನು ತೋರಿಸಿ ತಾಯಿಯ ಜಾತಿ ಪಡೆಯಬಹುದು ಎಂದಿದೆ. ದೇವದಾಸಿ ತಾಯಿಯ ಮಗು ಬೆಳೆದದ್ದು ತಾಯಿಯ ಕೇರಿಯಲ್ಲಿ ಎಂಬುದಕ್ಕೆ ಬೇರೆ ಪುರಾವೆ ಬೇಕೇ? ಆದರೂ ಅಪ್ಪನ ಹೆಸರು ಹಿಡಿದು ಯಾರೋ ತಕರಾರು ಅರ್ಜಿ ಹಾಕಿದರೆ ವರ್ಷಗಟ್ಟಲೆ ಅಲೆದಾಟ. ಪಿತೃತ್ವ ಗೊತ್ತಾದ ಮಾತ್ರಕ್ಕೆ ತಾಯಿಯ ಕಡೆಯಿಂದ ಬಂದ ಜಾತಿ ಪ್ರಮಾಣಪತ್ರಕ್ಕೆ ಧಕ್ಕೆಯಿಲ್ಲ ಎಂದು ಕಾನೂನಿನ ನಿಯಮಗಳು ಬಿಡಿಸಿ ಹೇಳಬೇಕು.

ಎರಡನೆಯದು ಊರಿನ ಭಯ. ಒಂದೇ ಊರಿನಲ್ಲಿ ಆತನ ಮನೆ, ಈಕೆಯ ಗುಡಿಸಲು. ಕೂಲಿ ಕೊಡುವವರು ಅವರು, ಸಾಲ ಕೊಡುವವರು ಅವರು. ಅರ್ಜಿ ಕೊಟ್ಟ ಮರುದಿನವೇ ಕೆಲಸ ನಿಂತರೆ, ನೀರಿಗೆ ಅಡ್ಡಿಯಾದರೆ ಯಾರು ಬರುತ್ತಾರೆ? ವಿಧೇಯಕದಡಿ ತಂದೆಯ ಗುರುತಿನ ಅರ್ಜಿ ಪಡೆಯುವ ತಾಲ್ಲೂಕು ಸಮಿತಿಯ ಕೆಲಸ ಅಲ್ಲಿಗೇ ಮುಗಿಯಬಾರದು. ಅರ್ಜಿದಾರರ ಬದುಕಿಗೆ ತೊಂದರೆಯಾದರೆ ದೌರ್ಜನ್ಯ ತಡೆ ಕಾಯ್ದೆಯಡಿ ಕ್ರಮ ಕೈಗೊಳ್ಳುವ ಹೊಣೆಯೂ ಆಡಳಿತದ್ದೇ.

ಮೂರನೆಯದು ಅವ್ವನ ಮಾತಿನ ಭಯ. ಈ ಹುಡುಕಾಟದ ಬೇರು ಅವಳ ನೆನಪಿನಲ್ಲಿದೆ. ಆ ನೆನಪಿನ ತುಂಬ ನೋವಿದೆ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವಳು ತನ್ನ ಒಪ್ಪಿಗೆಯಿಲ್ಲದೆ ಆದದ್ದನ್ನೆಲ್ಲ ಮಗ ಮಗಳ ಮುಂದೆ ಹೇಳಬೇಕೆಂದು ಯಾರೂ ಬಲವಂತ ಮಾಡಬಾರದು. ಮಗುವಿಗೆ ತಿಳಿಯುವ ಹಕ್ಕಿದೆ, ತಾಯಿಗೆ ಸುಮ್ಮನಿರುವ ಹಕ್ಕೂ ಇದೆ. ಕೆಲವು ಮಕ್ಕಳು ತಮಗೆ ಅಪ್ಪನ ಹೆಸರೇ ಬೇಡ, ಅವ್ವನ ಹೆಸರೇ ಸಾಕು ಎನ್ನುತ್ತಾರೆ. ಅವರ ಆಯ್ಕೆಗೂ ಅಷ್ಟೇ ಗೌರವ ಸಲ್ಲಬೇಕು. ವಿಧೇಯಕದ ಮೊದಲ ಮಾತನ್ನೂ ಎರಡನೆಯ ಮಾತನ್ನೂ ಒಂದಕ್ಕೊಂದು ಗಂಟು ಹಾಕದೆ ಜಾರಿಗೆ ತರಬೇಕು. ಹೆಸರು ಹುಡುಕಲು ಒಪ್ಪಿದವರಿಗೆ ಮಾತ್ರ ಸೌಲಭ್ಯ ಎಂಬ ಪರಿಸ್ಥಿತಿ ಯಾವ ಕಚೇರಿಯಲ್ಲೂ ಹುಟ್ಟಬಾರದು.

ತಿಳಿಯುವ ಹಕ್ಕು ಜಗತ್ತಿನಲ್ಲೆಲ್ಲ ಹೀಗೆ ಮೆಲ್ಲಗೆ ಬೆಳೆದಿದೆ. ಸಾಧ್ಯವಾದಷ್ಟು ಮಟ್ಟಿಗೆ ಮಗು ತನ್ನ ಹೆತ್ತವರನ್ನು ತಿಳಿಯಬೇಕು ಎಂಬ ಮಾತು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿಯಲ್ಲಿದೆ. 1992ರಲ್ಲಿ ಭಾರತ ಅದಕ್ಕೆ ಸೇರಿತು. ವೀರ್ಯದಾನಿಯ ಹೆಸರು ಗುಟ್ಟಾಗಿಡುವ ಪದ್ಧತಿಯನ್ನು ಬ್ರಿಟನ್ 2005ರಲ್ಲಿ ಕೈಬಿಟ್ಟಿತು. ಮದುವೆಯಾಗದ ತಾಯಂದಿರ ಮಕ್ಕಳನ್ನು ದಶಕಗಳ ಕಾಲ ಬೇರೆ ಮನೆಗಳಿಗೆ ದತ್ತು ಕಳಿಸಿದ ಐರ್ಲೆಂಡ್, 2022ರಲ್ಲಿ ಕಾನೂನು ತಂದು ಅವರ ಹುಟ್ಟಿನ ದಾಖಲೆಗಳನ್ನು ಅವರ ಕೈಗೇ ಕೊಟ್ಟಿತು. ಕೃಷ್ಣೆಯ ಆಚೆಗೆ, ಹಳೆಯ ಮೆಹಬೂಬನಗರ ಜಿಲ್ಲೆಯಲ್ಲಿ, ಜೋಗಿನಿಯರೆಂದು ಕರೆಸಿಕೊಳ್ಳುವ ತಾಯಂದಿರ ಮಕ್ಕಳೂ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಅಲ್ಲಿ ಸಮರ್ಪಣೆ ನಿಷೇಧದ ಕಾನೂನು 1988ರದು. ನದಿಯ ಎರಡೂ ದಡದಲ್ಲಿ ಒಂದೇ ಕುಟುಂಬದ ಕವಲುಗಳಿವೆ. ದಾಖಲೆ ಹುಡುಕುವಾಗ ಎರಡೂ ರಾಜ್ಯಗಳ ಕಚೇರಿಗಳು ಒಂದಕ್ಕೊಂದು ನೆರವಾಗಬೇಕಾಗುತ್ತದೆ.

ಈಗ ಆಗಬೇಕಾದ ಕೆಲಸ

ನಾಲ್ಕು ದಶಕಗಳ ಲೆಕ್ಕ ತೆಗೆದರೆ ಜಮಾ ಖಾತೆಯಲ್ಲಿ ಸಾಕಷ್ಟಿದೆ. ಬಹಿರಂಗವಾಗಿ ಮುತ್ತು ಕಟ್ಟುವುದು ನಿಂತಿದೆ. ದೇವದಾಸಿ ತಾಯಂದಿರ ಮಕ್ಕಳು ಶಿಕ್ಷಕರಾಗಿದ್ದಾರೆ, ವಕೀಲರಾಗಿದ್ದಾರೆ, ತಮ್ಮ ಹಕ್ಕಿಗಾಗಿ ತಾವೇ ಸಂಘ ಕಟ್ಟಿ ಮಾತಾಡುತ್ತಿದ್ದಾರೆ. ಅಪ್ಪನ ಹೆಸರಿಲ್ಲದೆಯೂ ಪಾಸ್‌ಪೋರ್ಟ್, ಪಾನ್ ಸಿಗುತ್ತವೆ. ಗಂ​ಡಸಿನ ಹೊಣೆಯನ್ನು ದೇವದಾಸಿ ಕಾನೂನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. ಬಾಕಿ ಖಾತೆಯಲ್ಲಿ ಇರುವುದು ಕಾಲ. 1982ರಲ್ಲಿ ಹದಿನೆಂಟರ ಹರೆಯದಲ್ಲಿದ್ದ ತಾಯಿಗೆ ಈಗ ಅರವತ್ತು ದಾಟಿದೆ. ಆಕೆಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವನಿದ್ದ ಗಂಡಸು ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿದ್ದಾನೆ, ಇಲ್ಲವೇ ಮಣ್ಣು ಸೇರಿದ್ದಾನೆ. ನಿಯಮ ರಚನೆ, ಸಮಿತಿ ನೇಮಕ, ಸುತ್ತೋಲೆ, ತರಬೇತಿ ಎಂದು ಇನ್ನೈದು ವರ್ಷ ಕಳೆದರೆ ಈ ಹಕ್ಕು ಪುಸ್ತಕದಲ್ಲಿ ಉಳಿಯುತ್ತದೆ, ಅದನ್ನು ಬಳಸಬೇಕಾದವರ ಕೈಗೆ ಸಿಗುವುದಿಲ್ಲ.

ಆದ್ದರಿಂದ ಜಿಲ್ಲಾಡಳಿತದ ಮುಂದೆ, ಸರ್ಕಾರದ ಮುಂದೆ ನಾವು ಇಡುವ ಬೇಡಿಕೆಗಳು ಸ್ಪಷ್ಟವಾಗಿವೆ. ತಾಲ್ಲೂಕು ಸಮಿತಿಗಳು ಮೊದಲು ಮಾಡಬೇಕಾದದ್ದು, ಸ್ವಇಚ್ಛೆಯಿಂದ ಮುಂದೆ ಬರುವ ತಾಯಂದಿರ ಹೇಳಿಕೆಯನ್ನು ಮಹಿಳಾ ಅಧಿಕಾರಿಯೊಬ್ಬರು ಅವರ ಮನೆಯಲ್ಲೇ, ಅವರ ಮಾತಿನಲ್ಲೇ ದಾಖಲಿಸಿ ಮೊಹರು ಮಾಡಿ ಕಾಪಾಡುವುದು. ಮಗು ಇವತ್ತು ಕೇಳದಿದ್ದರೂ ನಾಳೆ ಕೇಳಿದಾಗ ಆ ಹೇಳಿಕೆ ಅದಕ್ಕೆ ಸಿಗಬೇಕು. ಒಪ್ಪುವ ತಾಯಂದಿರ ಡಿಎನ್‌ಎ ಮಾದರಿಯನ್ನೂ ಅದೇ ಹೊತ್ತಿಗೆ ತೆಗೆದಿಡಬೇಕು, ಆಕೆಯ ನಂತರವೂ ಹೋಲಿಕೆಗೆ ಅದು ಬೇಕಾಗುತ್ತದೆ. ಆ ಮಾದರಿ ಪೊಲೀಸರ ಬಳಕೆಗಾಗಲಿ ಬೇರೆ ಯಾವ ಉದ್ದೇಶಕ್ಕಾಗಲಿ ಹೋಗದಂತೆ ಬರಹದ ಭರವಸೆ ಕೊಡಬೇಕು. ಡಿಎನ್‌ಎ ಬಳಕೆಯನ್ನು ನಿಯಂತ್ರಿಸುವ ಕೇಂದ್ರದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ಪಡೆದಿರುವುದರಿಂದ ಈ ಭರವಸೆಯನ್ನು ರಾಜ್ಯದ ನಿಯಮಗಳಲ್ಲೇ ಬರೆಯಬೇಕು. ಪರೀಕ್ಷೆಯ ಖರ್ಚು, ಪ್ರಯಾಣದ ಖರ್ಚು, ಆ ದಿನಗಳ ಕೂಲಿ ಸರ್ಕಾರದ್ದಾಗಬೇಕು. ಕಾನೂನು ಸೇವಾ ಪ್ರಾಧಿಕಾರದ ವಕೀಲರು ಜೊತೆಗಿರಬೇಕು. ತಂದೆ ತೀರಿಕೊಂಡಿದ್ದರೆ ಆತನ ಮಕ್ಕಳ, ಅಣ್ಣತಮ್ಮಂದಿರ ಮಾದರಿಯನ್ನು ಯಾವ ಸಂದರ್ಭದಲ್ಲಿ ಕೇಳಬಹುದು ಎಂಬುದನ್ನು ನಿಯಮಗಳಲ್ಲಿ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಪ್ರತಿಯೊಂದು ಪ್ರಕರಣವೂ ಅಲ್ಲೇ ಹೂತುಹೋಗುತ್ತದೆ.

ದಾಖಲೆಗಳ ವಿಷಯದಲ್ಲಿ, ಶಾಲೆಗಳ ಹಳೆಯ ದಾಖಲಾತಿ ವಹಿಗಳನ್ನು, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಲ್ಲಿರುವ ಉರ್ದು ಕಾಗದಗಳನ್ನು, ಹಳೆಯ ಮತದಾರರ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಈ ವರ್ಷವೇ ಆರಂಭವಾಗಲಿ. ನಿಜಾಮರ ಕಾಲದ ಉರ್ದು ಕೈಬರಹ ಓದಬಲ್ಲ ಹಿರಿಯರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಗೌರವಧನ ಕೊಟ್ಟು ಕೂರಿಸಿ ಓದಿಸಿಕೊಳ್ಳಬೇಕು.

ಇನ್ನು ಆ ಗಂಡಸರಿಗೆ, ಅವರ ಮನೆಯವರಿಗೆ ಒಂದು ಮಾತು. ವಿಧೇಯಕದಲ್ಲಿ ಸ್ವಇಚ್ಛೆಯಿಂದ ಒಪ್ಪಿಕೊಳ್ಳುವ ದಾರಿಯೂ ಇದೆ. ಎಂಬತ್ತರ ಹೊಸಿಲಲ್ಲಿ ನಿಂತ ಯಜಮಾನರು ತಾಲ್ಲೂಕು ಸಮಿತಿಯ ಮುಂದೆ ಬಂದು "ಹೌದು, ಇವನು ನನ್ನ ಮಗ" ಎಂದು ಸಹಿ ಹಾಕಿದರೆ ಕೋರ್ಟಿಲ್ಲ, ರಕ್ತಪರೀಕ್ಷೆಯಿಲ್ಲ, ಊರಿನಲ್ಲಿ ಜಗಳವಿಲ್ಲ. ಅವರ ಮಕ್ಕಳೂ ಇದನ್ನು ಅವಮಾನವೆಂದು ತಿಳಿಯಬೇಕಿಲ್ಲ. ತಮ್ಮ ಮನೆಯಂಗಳದಲ್ಲೇ ಕೂಲಿ ಮಾಡುತ್ತ ಬೆಳೆದವನು ತಮ್ಮ ರಕ್ತಸಂಬಂಧಿ ಎಂದು ಒಪ್ಪುವುದು ಮನೆತನದ ಮರ್ಯಾದೆಯನ್ನು ಹೆಚ್ಚಿಸುತ್ತದೆ. ದೇವಸ್ಥಾನದ ಹಿರಿಯರು, ಮಠಾಧೀಶರು, ಗ್ರಾಮ ಪಂಚಾಯಿತಿಯ ಸದಸ್ಯರು ಈ ಮಾತನ್ನು ತಮ್ಮ ತಮ್ಮ ಊರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಮುತ್ತು ಕಟ್ಟುವಾಗ ಊರೇ ನೆರೆದಿತ್ತು. ಆ ಮುತ್ತಿನಿಂದ ಹುಟ್ಟಿದ ಮಕ್ಕಳ ಹಕ್ಕಿನ ಪರವಾಗಿ ನಿಲ್ಲುವುದೂ ಊರಿನದೇ ಕರ್ತವ್ಯ. ಮುಂದಿನ ಸಿಂಹಾವಲೋಕನ ಬರೆಯುವವರು ಈ ಜಿಲ್ಲೆಯಲ್ಲಿ ಎಷ್ಟು ಅರ್ಜಿಗಳು ಇತ್ಯರ್ಥವಾದವು, ಎಷ್ಟು ತಾಯಂದಿರ ಹೇಳಿಕೆ ದಾಖಲಾಯಿತು ಎಂಬ ಲೆಕ್ಕವನ್ನು ಇಡಲು ಸಾಧ್ಯವಾಗಬೇಕು. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಜಿಲ್ಲಾಧಿಕಾರಿಗಳ ಕಚೇರಿ ಪ್ರಕಟಿಸಲಿ. ಕೇಳುವ ಕೆಲಸವನ್ನು ನಾವು ಬಿಡುವುದಿಲ್ಲ.